8080 ಎಂದು ಬರೆದೆ, 36895 ತೆರೆದುಕೊಂಡಿತು
ಪ್ರೋಗ್ರಾಂಗಳು ನೆಟ್‌ವರ್ಕ್‌ನಲ್ಲಿ ಮಾತಾಡಿಕೊಳ್ಳಲು ಬಳಸುವ ಸಾಕೆಟ್ ಕಲಿಯೋಣ ಅಂತ ಸಿ ಭಾಷೆಯಲ್ಲಿ ಒಂದು ಪುಟ್ಟ ಚಾಟ್ ಸರ್ವರ್ ಬರೆದೆ. ಅದರ ಪೋರ್ಟ್, ಅಂದರೆ ಕಂಪ್ಯೂಟರ್‌ನೊಳಗೆ ಅದನ್ನು ಹುಡುಕುವ ನಂಬರ್, 8080. ಅದಕ್ಕೆ ಸಂಪರ್ಕಿಸುವ ಕ್ಲೈಂಟ್ ಕೂಡ ಸಿಯಲ್ಲೇ, ಅದೇ ಲ್ಯಾಪ್‌ಟಾಪ್‌ನಲ್ಲಿ. ಎರಡೂ ಚೆನ್ನಾಗಿ ಮಾತಾಡಿಕೊಂಡವು. ಆ ಖುಷಿಯಲ್ಲಿ ಪೈಥಾನ್‌ನಲ್ಲಿ ಇನ್ನೊಂದು ಕ್ಲೈಂಟ್ ಬರೆದೆ. ಅದಕ್ಕೆ ಮಾತ್ರ 'ಕನೆಕ್ಷನ್ ರೆಫ್ಯೂಸ್ಡ್'.

ಅರ್ಧ ದಿನ ಪೈಥಾನ್ ಕೋಡನ್ನೇ ಕೆದಕಿದೆ. ಕೊನೆಗೆ ಸಾಕೆಟ್‌ಗಳ ಪಟ್ಟಿ ತೋರಿಸುವ ಲಿನಕ್ಸ್‌ನ ಎಸ್‌ಎಸ್ ಕಮಾಂಡ್ ಓಡಿಸಿ ನೋಡಿದರೆ, ನನ್ನ ಸರ್ವರ್ ಕಾಯುತ್ತಾ ಕೂತಿದ್ದದ್ದು 36895ರಲ್ಲಿ! ನಾನು ಎಲ್ಲೂ ಬರೆಯದ ನಂಬರ್.

ಪೋರ್ಟ್ ನಂಬರ್ ಅಂದರೆ ಎರಡು ಬೈಟ್. ನೆಟ್‌ವರ್ಕ್‌ನಲ್ಲಿ ದೊಡ್ಡ ಬೆಲೆಯ ಬೈಟ್ ಮೊದಲು ಬರಬೇಕು. ಇಂಟೆಲ್ ಪ್ರೊಸೆಸರ್ ಚಿಕ್ಕದನ್ನು ಮೊದಲು ಇಡುತ್ತದೆ. 8080 ಹೆಕ್ಸ್‌ನಲ್ಲಿ (16ರ ಆಧಾರದ ಎಣಿಕೆ) 1ಎಫ್90. ಬೈಟ್ ಅದಲುಬದಲಾದರೆ 901ಎಫ್, ಅಂದರೆ 36895. ಇದನ್ನು ಸರಿಮಾಡುವ ಎಚ್‌ಟಾನ್ಸ್ ಫಂಕ್ಷನ್ ಹಾಕೋದು ಮರೆತಿದ್ದೆ. ಸಿ ಕ್ಲೈಂಟ್‌ನಲ್ಲೂ ಅದೇ ಮರೆವು, ಅದಕ್ಕೇ ಅವೆರಡು ಒಂದನ್ನೊಂದು ಸರಿಯಾಗಿ ಹುಡುಕಿಕೊಂಡಿದ್ದವು.

ಸರಿಮಾಡಿ, ಮೂರು ಕ್ಲೈಂಟ್ ಜೋಡಿಸಿ, ಮತ್ತೆ ಎಸ್‌ಎಸ್ ಓಡಿಸಿದೆ. ಬಂದ ಸಂಪರ್ಕವನ್ನು ಒಪ್ಪಿಕೊಳ್ಳುವ ಆಕ್ಸೆಪ್ಟ್ ಫಂಕ್ಷನ್ ಕರೆದಾಗಲೆಲ್ಲ ಸರ್ವರ್ ಕಡೆ ಹೊಸ ಪೋರ್ಟ್ ಸಿಗುತ್ತದೆ ಅಂತ ಅಲ್ಲಿಯವರೆಗೂ ನಂಬಿದ್ದೆ. ಸುಳ್ಳು. ಮೂರು ಸಾಲಿನಲ್ಲೂ ಸರ್ವರ್ ಕಡೆ 8080 ಒಂದೇ. ಆಕ್ಸೆಪ್ಟ್ ಕೊಡೋದು ಹೊಸ ಸಾಕೆಟ್, ಹೊಸ ಪೋರ್ಟ್ ಅಲ್ಲ. ಬೇರೆ ಇದ್ದದ್ದು ಕ್ಲೈಂಟ್ ಕಡೆಯ ನಂಬರ್‌ಗಳು. ಎರಡು ಕಡೆಯ ಐಪಿ ವಿಳಾಸ, ಎರಡು ಕಡೆಯ ಪೋರ್ಟ್, ಈ ನಾಲ್ಕನ್ನೂ ಸೇರಿಸಿ ನೋಡಿಯೇ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಯಾವ ಡೇಟಾ ಯಾವ ಸಾಕೆಟ್‌ಗೆ ಅಂತ ಹಂಚುತ್ತದೆ.

ಕ್ಲೈಂಟ್‌ನ ಪೋರ್ಟನ್ನು ನಾವು ಆರಿಸಬೇಕಾಗಿಲ್ಲ. ಕನೆಕ್ಟ್ ಕರೆದಾಗ ಕರ್ನಲ್ ತಾನೇ ಒಂದನ್ನು ಕೊಡುತ್ತದೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ 32768ರಿಂದ 60999ರೊಳಗೆ. ನಾನು ಶುರುವಿನಲ್ಲಿ ಜಾಸ್ತಿ ಬುದ್ಧಿ ಓಡಿಸಿ, ಕ್ಲೈಂಟನ್ನೂ 9090ಕ್ಕೆ ಬೈಂಡ್ ಮಾಡಿದ್ದೆ, ಅಂದರೆ ಆ ಪೋರ್ಟ್‌ಗೇ ಕಟ್ಟಿಹಾಕಿದ್ದೆ. ಎರಡನೇ ಕ್ಲೈಂಟ್ ತೆರೆದ ಕೂಡಲೇ 'ಅಡ್ರೆಸ್ ಆಲ್ರೆಡಿ ಇನ್ ಯೂಸ್'.

ಅದೇ ಎರರ್ ಆಮೇಲೆ ಸರ್ವರ್‌ನಲ್ಲೂ ಬಂತು, ಕಾರಣ ಬೇರೆ. ಕ್ಲೈಂಟ್ ಇರುವಾಗಲೇ ಸರ್ವರನ್ನು ಕಂಟ್ರೋಲ್-ಸಿ ಒತ್ತಿ ನಿಲ್ಲಿಸಿ, ತಕ್ಷಣ ಮತ್ತೆ ಓಡಿಸಿದ್ದೆ. ಮೊದಲು ಮುಚ್ಚಿದ ಕಡೆ ಹಳೆಯ ಸಂಪರ್ಕ 'ಟೈಮ್ ವೇಟ್' ಸ್ಥಿತಿಯಲ್ಲಿ ಸುಮಾರು 60 ಸೆಕೆಂಡ್ ಉಳಿಯುತ್ತದೆ. ಅಷ್ಟು ಹೊತ್ತು ಬೈಂಡ್ ಒಪ್ಪುವುದಿಲ್ಲ. 'ರೀಯೂಸ್ ಅಡ್ರೆಸ್' ಆಯ್ಕೆ ಹಾಕಿದರೆ ಕಾಯಬೇಕಿಲ್ಲ. ಆದರೆ ಅದನ್ನು ಬೈಂಡ್‌ಗಿಂತ ಮುಂಚಿನ ಸಾಲಿನಲ್ಲಿ ಹಾಕಬೇಕು. ನಾನು ಮೊದಲು ಎಲ್ಲಿ ಹಾಕಿದ್ದೆ ಅಂತ ಬೇರೆ ಹೇಳಬೇಕಾ?