ಹತ್ತೊಂಬತ್ತೋ ಇಪ್ಪತ್ತೋ: ರಾತ್ರಿ ಎಂಟೂವರೆಯ ಲೆಕ್ಕದ ಕ್ಲಾಸು

ನಾನು ಬೆಂಗಳೂರಿನ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಮನೆ ಲಗ್ಗೆರೆಯಲ್ಲಿ. ಕೆಳಗಿನ ಮನೆಯಲ್ಲಿ ಗಾರ್ಮೆಂಟ್ಸ್‌ಗೆ ಹೋಗುವ ಒಬ್ಬರು ಅಕ್ಕ ಇದ್ದಾರೆ. ಮೂರು ವರ್ಷದ ಹಿಂದೆ ಅವರು "ನನ್ನ ಮಗಳಿಗೆ ಒಂದೆರಡು ಲೆಕ್ಕ ಹೇಳಿಕೊಡಮ್ಮ" ಅಂದರು. ಆಮೇಲೆ ಅವಳ ಗೆಳತಿಯರು, ಅವರ ತಮ್ಮಂದಿರು ಬಂದರು. ಈಗ ಹದಿನೆಂಟು ಜನ ಎಸ್‌ಎಸ್‌ಎಲ್‌ಸಿ ಮಕ್ಕಳಿದ್ದಾರೆ. ಫೀಸಿಲ್ಲ, ಎಲ್ಲಾ ಫೋನಿನಲ್ಲೇ.

ಮೊದಲು ಸಂಜೆ ಆರಕ್ಕೆ ಕ್ಲಾಸು ಇಟ್ಟೆ. ಬಂದವರು ಇಬ್ಬರೇ. ಮಕ್ಕಳಿಗೆ ಆಸಕ್ತಿ ಇಲ್ಲ ಅಂತ ಸಿಟ್ಟು ಬಂತು. ಆಮೇಲೆ ಗೊತ್ತಾಯಿತು, ಫೋನು ಅಪ್ಪನ ಜೊತೆ ಆಟೋದಲ್ಲಿ ಓಡಾಡುತ್ತಿರುತ್ತದೆ, ಎಂಟರ ಮೇಲೇ ಮನೆಗೆ ಬರೋದು. ಹಾಗಾಗಿ ಎಂಟೂವರೆ. ಗೂಗಲ್ ಮೀಟ್‌ನಲ್ಲಿ ದುಡ್ಡು ಕಟ್ಟದಿದ್ದರೆ ಗುಂಪಿನ ಕರೆ 60 ನಿಮಿಷಕ್ಕೆ ಮುಗಿಯುತ್ತದೆ. ಅದು ಒಳ್ಳೆಯದೇ ಆಯಿತು, ಇಲ್ಲದಿದ್ದರೆ ನಾನು ಬಾಯಿ ಮುಚ್ಚುವವಳಲ್ಲ.

ಸ್ಟ್ಯಾಂಡು ಗೀಂಡು ಏನೂ ಕೊಂಡಿಲ್ಲ. ಎರಡು ಸ್ಟೀಲ್ ಡಬ್ಬಿ, ಮೇಲೆ ಅಡ್ಡಲಾಗಿ ಎರಡು ಸ್ಕೇಲು, ಅದರ ಮೇಲೆ ಫೋನು. ಕ್ಯಾಮೆರಾ ನೇರ ನೋಟ್‌ಬುಕ್ಕಿನ ಮೇಲೆ. ಬಾಲ್ ಪೆನ್ನಲ್ಲಿ ಬರೆದರೆ ಕಾಣೋದಿಲ್ಲ, ಸ್ಕೆಚ್ ಪೆನ್ನೇ ಬೇಕು. ಮಕ್ಕಳು ವಿಡಿಯೋ ಆಫ್ ಮಾಡಿಕೊಳ್ಳುತ್ತಾರೆ, ಡೇಟಾ ಉಳಿಯುತ್ತದೆ. ಅರ್ಧ ಮಕ್ಕಳು ಕನ್ನಡ ಮಾಧ್ಯಮ, ಅರ್ಧ ಇಂಗ್ಲಿಷ್. 'ಸಮಾಂತರ ಶ್ರೇಢಿ' (ಒಂದೇ ಅಂತರದಲ್ಲಿ ಸಾಗುವ ಸಂಖ್ಯೆಗಳ ಸಾಲು) ಅಂದ ತಕ್ಷಣ, ಇಂಗ್ಲಿಷಿನವರಿಗೆ 'ಎಪಿ' ಅಂತಲೂ ಹೇಳಬೇಕು. ಎರಡೂ ಮಾಧ್ಯಮದ ಸರ್ಕಾರಿ ಪಠ್ಯಪುಸ್ತಕ ಪಿಡಿಎಫ್‌ನಲ್ಲಿ ಉಚಿತವಾಗಿ ಸಿಗುತ್ತವೆ, ಪಕ್ಕಪಕ್ಕ ತೆರೆದಿಟ್ಟುಕೊಳ್ಳುತ್ತೇನೆ.

ನಾನು ಎಡವಿದ್ದು ಹೋಂವರ್ಕಿನಲ್ಲಿ. ವಾಟ್ಸಾಪ್ ಗ್ರೂಪಿಗೆ ಮಕ್ಕಳು ಪ್ರಶ್ನೆ ಹಾಕುತ್ತಿದ್ದರು, ನಾನು ಬಿಡಿಸಿ ಫೋಟೋ ಕಳಿಸುತ್ತಿದ್ದೆ. ಒಂದು ದಿನ ಬಂದ ಲೆಕ್ಕ: 3, 7, 11… ಈ ಶ್ರೇಢಿಯ ಮೊದಲ 20 ಪದಗಳ ಮೊತ್ತ ಎಷ್ಟು? ಆಫೀಸಿಂದ ಬರುವಾಗ ಬಸ್ಸಲ್ಲೇ ಬರೆದು ಕಳಿಸಿದೆ, 860. ಮಾರನೇ ದಿನ ಕೆಳಗಿನ ಮನೆ ಹುಡುಗಿ ಸಪ್ಪೆ ಮುಖ ಹಾಕಿಕೊಂಡು ಬಂದಳು. "ಅಕ್ಕಾ, ನಮ್ಮ ಕ್ಲಾಸಲ್ಲಿ ಏಳು ಜನರದ್ದೂ 860. ಮಿಸ್ಸು ಯಾರದನ್ನ ನೋಡಿ ಬರೆದಿದ್ದು ಅಂತ ಕೇಳಿದರು."

ಸರಿಯುತ್ತರ 820. ಪದದಿಂದ ಪದಕ್ಕೆ ಅಂತರ 4, ಸೂತ್ರದಲ್ಲಿ ಅದನ್ನು 19ರಿಂದ ಗುಣಿಸುವ ಕಡೆ ನಾನು 20 ಹಾಕಿದ್ದೆ. ದಿನವಿಡೀ ಬೇರೆಯವರ ಲೆಕ್ಕದ ತಪ್ಪು ಹುಡುಕುವವಳು ನಾನು! ಆದರೆ ನನಗೆ ಜಾಸ್ತಿ ಚುಚ್ಚಿದ್ದು ಬೇರೆ. ಏಳು ಜನರಲ್ಲಿ ಒಬ್ಬರೂ ಇದೇಕೆ ಹೀಗೆ ಅಂತ ಕೇಳಿರಲಿಲ್ಲ.

ಅವತ್ತೇ ಫೋಟೋ ಕಳಿಸೋದು ನಿಲ್ಲಿಸಿದೆ. ಈಗ ಪ್ರಶ್ನೆ ಹಾಕುವವರು ಎಲ್ಲಿವರೆಗೆ ಮಾಡಿದ್ದಾರೋ ಅದರ ಫೋಟೋ ಹಾಕಬೇಕು, ಸಿಕ್ಕಿಹಾಕಿಕೊಂಡ ಸಾಲಿಗೆ ಗೆರೆ ಎಳೆದಿರಬೇಕು. ಮೊದಲು ಉತ್ತರಿಸುವುದು ಮಕ್ಕಳೇ, ಅದೂ ವಾಯ್ಸ್ ಮೆಸೇಜಿನಲ್ಲಿ, ಬರೀ ಮುಂದಿನ ಹೆಜ್ಜೆ. ನಾನು ಅರ್ಧ ಗಂಟೆ ಬಾಯಿ ಹಾಕುವಂತಿಲ್ಲ. ಮೊದಮೊದಲು ಗ್ರೂಪು ಸ್ಮಶಾನದ ಹಾಗಿತ್ತು. ಇಬ್ಬರು ತಾಯಂದಿರು "ಸುಮ್ನೆ ಉತ್ತರ ಕೊಟ್ಟುಬಿಡಬಾರದಾ" ಅಂತಲೂ ಕೇಳಿದರು. ಕೊಡಲಿಲ್ಲ.

ಆ 19ರ ಪ್ರಶ್ನೆ ಮತ್ತೆ ಬಂದೇ ಬಂತು. 20 ಪದ ಇದ್ದರೆ 20 ಯಾಕಲ್ಲ? ಸೂತ್ರದಲ್ಲಿ n-1 ಇದೆ, n ಅಂದರೆ ಎಷ್ಟು ಪದ ಅನ್ನೋದು, ಅಂತ ಒಬ್ಬ ಹೇಳಿದ. ಕೇಳಿದವನಿಗೆ ತಲೆಗೆ ಹೋಗಲಿಲ್ಲ. ಆಗ ಕೆಳಗಿನ ಮನೆ ಹುಡುಗಿಯ ವಾಯ್ಸ್ ಬಂತು, ಹಿಂದೆ ಕುಕ್ಕರ್ ಕೂಗುತ್ತಿತ್ತು: "ಲೋ, ತುಮಕೂರು ರೋಡಲ್ಲಿ ಮೆಟ್ರೋ ಕಂಬ ನೋಡಿದೀಯಲ್ಲ? ಇಪ್ಪತ್ತು ಕಂಬ ಎಣಿಸು. ಮಧ್ಯೆ ಸಂದಿ ಎಷ್ಟು? ಹತ್ತೊಂಬತ್ತೇ. ಕೂಡೋದು ಸಂದೀಲಿ ಕಣೋ, ಕಂಬದಲ್ಲಲ್ಲ." ನಾನು ಹತ್ತು ಸಲ ಹೇಳಿದರೂ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ, ಅಲ್ವಾ?

ನೀವೂ ಹೀಗೆ ಕ್ಲಾಸು ಶುರು ಮಾಡುವುದಾದರೆ ಒಂದು ಮಾತು, ಗ್ರೂಪಿಗೆ ಅಪ್ಪ ಅಮ್ಮಂದಿರ ನಂಬರನ್ನೇ ಸೇರಿಸಿ, ಮೊದಲು ಅವರ ಒಪ್ಪಿಗೆ ಕೇಳಿ. ರಾತ್ರಿ ಹತ್ತರ ಮೇಲೆ ಮೆಸೇಜು ಬೇಡ.

ತಿಂಗಳ 20ನೇ ತಾರೀಕು ಜಿಎಸ್‌ಟಿ ರಿಟರ್ನ್ ಗಡಿಬಿಡಿ, ಅವತ್ತು ನನ್ನ ಕ್ಲಾಸಿಲ್ಲ. ಹೋದ ತಿಂಗಳು ರಾತ್ರಿ ಹತ್ತಕ್ಕೆ ಫೋನ್ ನೋಡಿದರೆ ಹದಿನಾಲ್ಕು ವಾಯ್ಸ್ ಮೆಸೇಜು. ವರ್ಗ ಸಮೀಕರಣದ ಒಂದು ಲೆಕ್ಕಕ್ಕೆ ಜಗಳ. ಕೊನೆಯದರಲ್ಲಿ, "ಅಕ್ಕ ಬಂದು ತಪ್ಪು ಉತ್ತರ ಹೇಳೋ ಮುಂಚೆ ಮುಗಿಸಿಬಿಡೋಣ ಬನ್ರೋ."