ಎರಡು ದ್ವೀಪಗಳ ನಡುವಿನ ವಿಮಾನ ದೂರ: ಲೆಕ್ಕ ಹಾಕುವುದು ಹೇಗೆ?

ದೂರದ ಲೆಕ್ಕ ಬೇರೆ, ಸಮಯದ ಲೆಕ್ಕ ಬೇರೆ ಎಂಬುದನ್ನು ಶಿವಮೊಗ್ಗ ಜಿಲ್ಲೆಯ ಸಾಗರ ಪಟ್ಟಣದಿಂದ ಹಿನ್ನೀರಿನಾಚೆಯ ತುಮರಿಗೆ ಓಡಾಡಿದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2025ರ ಜುಲೈನಲ್ಲಿ ಸೇತುವೆ ಸಂಚಾರಕ್ಕೆ ತೆರೆಯುವವರೆಗೂ ಹೊಳೆಬಾಗಿಲಿನ ದಡದಲ್ಲಿ ಲಾಂಚ್‌ಗಾಗಿ ಕಾದ ಹೊತ್ತು, ಶರಾವತಿ ಹಿನ್ನೀರನ್ನು ದಾಟಿದ ಹೊತ್ತಿಗಿಂತ ಎಷ್ಟೋ ಸಲ ಹೆಚ್ಚಾಗಿರುತ್ತಿತ್ತು. ದ್ವೀಪದಿಂದ ದ್ವೀಪಕ್ಕೆ ವಿಮಾನದಲ್ಲಿ ಹೋಗುವಾಗಲೂ ಮಾತು ಅದೇ. ಲಕ್ಷದ್ವೀಪದ ಅಗತ್ತಿಯನ್ನೂ ಅಂಡಮಾನಿನ ಶ್ರೀ ವಿಜಯಪುರಂ ಅನ್ನೂ (ಹಿಂದಿನ ಪೋರ್ಟ್ ಬ್ಲೇರ್) ಉದಾಹರಣೆಯಾಗಿ ಇಟ್ಟುಕೊಂಡು ಲೆಕ್ಕ ಹಾಕಿ ನೋಡೋಣ.

ಮೊದಲು ಎರಡೂ ನಿಲ್ದಾಣಗಳ ಅಕ್ಷಾಂಶ, ರೇಖಾಂಶಗಳನ್ನು ಬರೆದುಕೊಳ್ಳಬೇಕು. ಅಗತ್ತಿ ಸುಮಾರು 10.82 ಡಿಗ್ರಿ ಉತ್ತರ, 72.18 ಡಿಗ್ರಿ ಪೂರ್ವದಲ್ಲಿದೆ; ಅಂಡಮಾನಿನ ವೀರ ಸಾವರ್ಕರ್ ನಿಲ್ದಾಣ 11.64 ಡಿಗ್ರಿ ಉತ್ತರ, 92.73 ಡಿಗ್ರಿ ಪೂರ್ವದಲ್ಲಿದೆ. ರೇಖಾಂಶಗಳ ಅಂತರ 20.55 ಡಿಗ್ರಿ. ಸಮಭಾಜಕ ವೃತ್ತದ ಮೇಲೆ ಒಂದು ಡಿಗ್ರಿಗೆ ಸುಮಾರು 111 ಕಿ.ಮೀ. ಆಗುತ್ತದೆ. ಧ್ರುವಗಳ ಕಡೆಗೆ ಸರಿದಂತೆ ರೇಖಾಂಶಗಳು ಒಂದಕ್ಕೊಂದು ಹತ್ತಿರವಾಗುವುದರಿಂದ, ಇದನ್ನು ಅಕ್ಷಾಂಶದ ಕೊಸೈನ್‌ನಿಂದ, ಅಂದರೆ ಇಲ್ಲಿ 0.98ರಿಂದ ಗುಣಿಸಬೇಕು. ಆಗ ಪೂರ್ವ-ಪಶ್ಚಿಮದ ಅಂತರ 2,235 ಕಿ.ಮೀ. ಬರುತ್ತದೆ. ಉತ್ತರ-ದಕ್ಷಿಣದ ಅಂತರ ಬರೀ 91 ಕಿ.ಮೀ. ಶಾಲೆಯಲ್ಲಿ ಕಲಿತ ಪೈಥಾಗೊರಸ್ ಪ್ರಮೇಯದಿಂದ ಇವೆರಡನ್ನೂ ಕೂಡಿಸಿದರೆ ನೇರ ದೂರ ಸುಮಾರು 2,240 ಕಿ.ಮೀ. ಎಂದಾಗುತ್ತದೆ. ಅಕ್ಷಾಂಶಗಳ ಅಂತರ ಹೆಚ್ಚಿರುವ ಊರುಗಳಿಗೆ ಈ ಸರಳ ವಿಧಾನ ಸಾಲದು, ಗೋಳದ ಸೂತ್ರವನ್ನೇ ಬಳಸಬೇಕು.

ಉತ್ತರವನ್ನು ತಾಳೆ ನೋಡಲು ಶಾಲೆಯ ಭೂಗೋಳವೊಂದು ಸಾಕು. 30 ಸೆಂ.ಮೀ. ವ್ಯಾಸದ ಗೋಳದ ಮೇಲೆ ಹೊಲಿಗೆಯ ದಾರವನ್ನು ಎರಡೂ ದ್ವೀಪಗಳ ನಡುವೆ ಸಡಿಲವಿಲ್ಲದಂತೆ ಎಳೆದು, ಉಗುರಿನಿಂದ ಗುರುತು ಮಾಡಿಕೊಂಡು, ಅಳತೆಪಟ್ಟಿಯ ಮೇಲೆ ಚಾಚಿದರೆ ಐದೂಕಾಲು ಸೆಂಟಿಮೀಟರ್ ಆಸುಪಾಸು ಬರಬೇಕು. ಅಲ್ಲಿ ಒಂದು ಸೆಂಟಿಮೀಟರ್ ಎಂದರೆ ಸುಮಾರು 425 ಕಿ.ಮೀ. ಮಕ್ಕಳ ಕೈಯಲ್ಲಿ ಇದನ್ನು ಮಾಡಿಸುವುದು ಒಳ್ಳೆಯದು. ಗೋಳದ ಮೇಲೆ ಬಿಗಿಯಾಗಿ ನಿಂತ ದಾರವೇ ಅತಿ ಹತ್ತಿರದ ದಾರಿ ಎಂಬುದು ಅವರ ಬೆರಳಿಗೇ ತಿಳಿಯುತ್ತದೆ.

ಇನ್ನು ಸಮಯ. ಜೆಟ್ ವಿಮಾನಕ್ಕೆ ಗಂಟೆಗೆ 800 ಕಿ.ಮೀ. ವೇಗ ಹಿಡಿದು, ಏರಿಳಿತಕ್ಕೆ ಅರ್ಧ ಗಂಟೆ ಸೇರಿಸಿದರೆ ಮೂರೂಕಾಲು ಗಂಟೆ ಸಾಕೆನಿಸುತ್ತದೆ. ಆದರೆ ಇದು ಕಾಗದದ ಮೇಲಿನ ಲೆಕ್ಕ. ಸೋಗಾನೆಯಲ್ಲಿರುವ ನಮ್ಮ ಶಿವಮೊಗ್ಗ ವಿಮಾನ ನಿಲ್ದಾಣದ ರನ್‌ವೇ 3,200 ಮೀಟರ್ ಉದ್ದವಿದ್ದರೆ ಅಗತ್ತಿಯದು ಸುಮಾರು 1,200 ಮೀಟರ್ ಮಾತ್ರ. ಅಲ್ಲಿಗೆ ಎಟಿಆರ್‌ನಂತಹ, ಗಂಟೆಗೆ 500 ಕಿ.ಮೀ. ವೇಗದ ಪ್ರೊಪೆಲ್ಲರ್ ವಿಮಾನವೇ ಬೇಕು. ಆದ್ದರಿಂದ ಪ್ರಯಾಣವನ್ನು ತುಂಡುಗಳಾಗಿ ಒಡೆಯಬೇಕು: ಅಗತ್ತಿಯಿಂದ ಕೊಚ್ಚಿಗೆ 470 ಕಿ.ಮೀ., ಒಂದೂವರೆ ಗಂಟೆ. ಕೊಚ್ಚಿಯಿಂದ ಚೆನ್ನೈಗೆ 520 ಕಿ.ಮೀ., ಒಂದು ಗಂಟೆ ಹತ್ತು ನಿಮಿಷ. ಚೆನ್ನೈನಿಂದ ಅಂಡಮಾನಿಗೆ 1,370 ಕಿ.ಮೀ., ಎರಡೂಕಾಲು ಗಂಟೆ. ಹಾರಾಟವೇ ಐದು ಗಂಟೆಯ ಹತ್ತಿರ ಬಂತು. ಪ್ರತಿ ನಿಲ್ದಾಣದಲ್ಲಿ ಕಾಯುವ ಹೊತ್ತನ್ನು ವೇಳಾಪಟ್ಟಿ ನೋಡಿಯೇ ಕೂಡಿಸಬೇಕು. ಸಂಜೆಯ ವಿಮಾನ ಇಲ್ಲದಿದ್ದರೆ ಒಂದು ರಾತ್ರಿ ತಂಗುವುದೂ ಲೆಕ್ಕಕ್ಕೆ ಸೇರುತ್ತದೆ.

ಗಡಿಯಾರವನ್ನು ತಿದ್ದಿಕೊಳ್ಳುವ ಕೆಲಸವಿಲ್ಲ, ಎರಡೂ ಕಡೆ ಭಾರತದ ಸಮಯವೇ ನಡೆಯುತ್ತದೆ. ಆದರೆ ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಅಂಡಮಾನಿನಲ್ಲಿ ಸೂರ್ಯ ಸುಮಾರು 82 ನಿಮಿಷ ಮೊದಲೇ ಮುಳುಗುವುದರಿಂದ, ಅಲ್ಲಿ ಸಂಜೆ ಐದೂವರೆಗೆ ಇಳಿಯುವವರು ಕತ್ತಲಲ್ಲಿ ವಸತಿ ಹುಡುಕದಂತೆ ಮೊದಲೇ ಕಾದಿರಿಸಿಕೊಳ್ಳಬೇಕು.