ನಿರಾಶ್ರಿತರ ಪರ ಅರ್ಜಿ ಹಾಕ್ಬೇಕಾ? ಸಂಘದವ್ರು ಹೀಗೆ ಶುರು ಮಾಡಿ

ಕೊಡಗಲ್ಲಿ ಸಂಘಗಳಿಗೇನು ಬರ ಇಲ್ಲ, ಮಹಿಳಾ ಸಂಘ, ಯುವಕ ಸಂಘ, ಕೈಲ್ ಪೊಳ್ದ್ ಹಬ್ಬಕ್ಕೆ ಆಟೋಟ ನಡೆಸೋ ಹುಡುಗ್ರೇ ಸಾಕು ಈ ಕೆಲ್ಸಕ್ಕೆ. ಆದ್ರೆ ನೆಟ್ಟಗೆ ಡಿಸಿ ಆಫೀಸ್ ಮುಂದೆ ಬ್ಯಾನರ್ ಹಿಡ್ಕೊಂಡು ನಿಲ್ಬೇಡಿ, ಮೊದ್ಲು ಕಾಗದ ನೋಡಿ.

ಮೊದಲ್ನೇದು, ಬಂದವ್ರು ಯಾರು ಅಂತ ತಿಳ್ಕೊಳ್ಳಿ. ಟಿಬೆಟಿಯನ್ನರನ್ನ, ಶ್ರೀಲಂಕಾ ತಮಿಳರನ್ನ ನೋಡ್ಕೊಳ್ಳೋದು ಸರ್ಕಾರಾನೇ. ಮ್ಯಾನ್ಮಾರ್, ಅಫ್ಘಾನಿಸ್ತಾನದಿಂದ ಬಂದವ್ರ ಅರ್ಜಿ ದೆಹಲಿಲಿರೋ ವಿಶ್ವಸಂಸ್ಥೆಯ ನಿರಾಶ್ರಿತರ ಕಚೇರಿಗೆ ಹೋಗುತ್ತೆ, ಅಲ್ಲಿ ನೋಂದಣಿಗೆ ಒಂದು ರೂಪಾಯಿನೂ ಇಲ್ಲ, ಯಾರಾದ್ರೂ ದುಡ್ಡು ಕೇಳಿದ್ರೆ ಅವ್ನು ಬ್ರೋಕರ್ ಅಂತಾನೇ ತಿಳ್ಕೊಳ್ಳಿ. (ತೋಟದ ಲೈನ್ ಮನೆಲಿರೋ ಅಸ್ಸಾಮಿನ ಕೆಲಸದವ್ರನ್ನ ಇದ್ರಲ್ಲಿ ಸೇರಿಸ್ಬೇಡಿ ಮಾರಾಯ್ರೆ, ಅವ್ರು ನಮ್ ದೇಶದವ್ರೇ.)

ಎರಡನೇದು ದಾಖಲೆ. ಟಿಬೆಟಿಯನ್ನರ ಹತ್ರ ಆರ್‌ಸಿ ಅಂದ್ರೆ ನೋಂದಣಿ ಪತ್ರ ಇರುತ್ತೆ, ಅದ್ರ ಕೊನೇ ತಾರೀಖು ನೋಡಿ ಬರ್ಕೊಳ್ಳಿ, ಝೆರಾಕ್ಸ್ ಮಾಡಿ ಒರಿಜಿನಲ್ ಅವ್ರಿಗೇ ವಾಪಸ್ ಕೊಡಿ. ಇಲ್ಲೊಂದು ಎಡವಟ್ಟು ಆಗುತ್ತೆ: ಕುಶಾಲನಗರದ ಕಾವೇರಿ ಸೇತುವೆ ದಾಟಿದ್ರೆ ಜಿಲ್ಲೆನೇ ಬೇರೆ, ಟಿಬೆಟಿಯನ್ನರ ಕ್ಯಾಂಪ್ ಇರೋ ಬೈಲಕುಪ್ಪೆ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲೂಕು. ಅಲ್ಲಿಯವ್ರ ಅರ್ಜಿ ಮೈಸೂರಿಗೇ ಹೋಗ್ಬೇಕು, ಮಡಿಕೇರಿಲಿ ಕೊಟ್ರೆ ಫೈಲಲ್ಲೇ ಕೊಳೆಯುತ್ತೆ.

ಆಮೇಲೆ ಅರ್ಜಿ. ಒಂದು ಪುಟ, ಒಂದೇ ಸಮಸ್ಯೆ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ಅದ್ಕೇ ಅದನ್ನ ನೆಚ್ಕೊಂಡು ಬರೆದ್ರೆ ಪ್ರಯೋಜನ ಇಲ್ಲ. ಜೀವ, ಸ್ವಾತಂತ್ರ್ಯ ಕಾಪಾಡೋ ಸಂವಿಧಾನದ 21ನೇ ವಿಧಿ ಹಿಡ್ಕೊಳ್ಳಿ, ಅದು ಪೌರರಲ್ಲದವ್ರಿಗೂ ಅನ್ವಯ ಆಗುತ್ತೆ ಅಂತ ಸುಪ್ರೀಂ ಕೋರ್ಟ್ 1996ರಲ್ಲಿ ಅರುಣಾಚಲದಲ್ಲಿದ್ದ ಚಕ್ಮಾ ನಿರಾಶ್ರಿತರ ಕೇಸಲ್ಲಿ ಹೇಳಿದೆ. ಹಳೇ ಫಾರ್ಮ್ಯಾಟ್ ಕಾಪಿ ಹೊಡೀಬೇಡಿ, 1946ರ ವಿದೇಶಿಯರ ಕಾಯ್ದೆ ಹೋಗಿ 2025ರ ಸೆಪ್ಟೆಂಬರ್‌ನಿಂದ ಹೊಸ ಕಾಯ್ದೆ ಬಂದಿದೆ. ಮಗೂನ ಶಾಲೆಗೆ ಸೇರಿಸ್ಕೊಳ್ತಿಲ್ಲ ಅಂತಿದ್ರೆ ಬಿಇಓಗೆ (ಕ್ಷೇತ್ರ ಶಿಕ್ಷಣಾಧಿಕಾರಿ) ಹೀಗೆ ಬರೀರಿ: ‘ಮಗುವಿಗೆ 8 ವರ್ಷ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಪ್ರತಿ ಮಗುವಿಗೂ ಅನ್ವಯವಾಗುತ್ತದೆ. ದಾಖಲಾತಿ ನಿರಾಕರಿಸಿದ ಕಾರಣವನ್ನು ಲಿಖಿತವಾಗಿ ತಿಳಿಸಬೇಕಾಗಿ ವಿನಂತಿ.’ ಲಿಖಿತವಾಗಿ ಅಂದ ತಕ್ಷಣ ಅರ್ಧ ಕೆಲ್ಸ ಆಗುತ್ತೆ ನೋಡಿ. ನಿಮ್ ಕಾಪಿ ಮೇಲೆ ಸೀಲು, ತಾರೀಖು ಹಾಕಿಸ್ಕೊಳ್ದೆ ಕೌಂಟರ್ ಬಿಟ್ಟು ಬರ್ಬೇಡಿ.

ವಕೀಲರು ಬೇಕಂದ್ರೆ ಮಡಿಕೇರಿಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿದ್ರೂ ಆಯ್ತು, ಹೆಂಗಸ್ರಿಗೆ ಮಕ್ಕಳಿಗೆ ಆದಾಯ ಎಷ್ಟಿದ್ರೂ ಫ್ರೀ.

ಇನ್ನು ಪೌರತ್ವದ ವಿಷ್ಯ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಇಲ್ಲೇ ಹುಟ್ಟಿದ ಟಿಬೆಟಿಯನ್ನರು ಹುಟ್ಟಿನಿಂದ್ಲೇ ಪೌರರು ಅಂತ ನಮ್ಮ ಹೈಕೋರ್ಟ್ 2013ರಲ್ಲೇ ಹೇಳಿದೆ. ಹಾಗಂತ ನೀವೇ ಮುಂದೆ ಬಿದ್ದು ಅರ್ಜಿ ತುಂಬ್ಬೇಡಿ. ಯಾವತ್ತಾದ್ರೂ ಊರಿಗೆ ವಾಪಸ್ ಹೋಗ್ತೀವಿ ಅಂತಿರೋ ಹಿರಿಯರು ಬೇಡ ಅನ್ಬಹುದು, ಕೇಳಿ ನೋಡಿ.

ಕೊನೇದು ಫೋಟೋ. ಸಂಘದವ್ರಿಗೆ ಅಕ್ಕಿ ಮೂಟೆ ಕೊಟ್ರೂ ವಾಟ್ಸಾಪಲ್ಲಿ ಹಾಕೋ ಚಟ. ಆಶ್ರಯ ಕೇಳ್ಕೊಂಡು ಬಂದವ್ರ ಮುಖ, ಹೆಸ್ರು, ಇರೋ ಮನೆ ಯಾವ್ದೂ ಹೊರಗೆ ಬರ್ಬಾರ್ದು, ಅವ್ರ ಅಪ್ಪ ಅಮ್ಮ ಇನ್ನೂ ಆ ದೇಶದಲ್ಲೇ ಇರ್ಬಹುದು.